ಎರಡು ಗಂಟೆಯ ಗಡುವು ಬಂದ ಮೇಲೆ ಉಳಿದ ಜಾಗ

ವಿಕಲಚೇತನರಾದ ನಮ್ಮ ಗಾಡಿಗಳಿಗೆಂದು ಗುರುತು ಹಾಕಿದ ನಿಲುಗಡೆ ಜಾಗವು ಕಲಬುರಗಿಯಲ್ಲಿ ಮೂರು ತಿಂಗಳೂ ಬಾಳುವುದಿಲ್ಲ ಎಂದು ನನಗೆ ಹೇಳಿದವರಲ್ಲಿ ಹೆಚ್ಚಿನವರು ನಮ್ಮವರೇ, ಎರಡೂ ಪಕ್ಕ ಹೆಚ್ಚುವರಿ ಗಾಲಿ ಹಾಕಿಸಿದ ಸೈಡ್ ವೀಲ್ ಸ್ಕೂಟರಿನ ಮೇಲೆ ಅರ್ಧ ಆಯುಷ್ಯ ಕಳೆದವರೇ. ಅವರ ಮಾತು ಸುಮ್ಮನೆ ಬಂದದ್ದಲ್ಲ. ನೀಲಿ ಬಣ್ಣ ಬಳಿದ ಜಾಗವೊಂದು ಮೊದಲ ಮಳೆಗೆ ಅಳಿಸಿ, ಮುಂದಿನ ಬೇಸಿಗೆಗೆ ಕಬ್ಬಿನ ಹಾಲಿನ ಬಂಡಿಯ ಪಾಲಾದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಆದರೆ ನಾನು ಮಾಡಿಸಿದ ಜಾಗಕ್ಕೆ ಈಗ ಹತ್ತೊಂಬತ್ತು ತಿಂಗಳು ತುಂಬಿದೆ, ಗೆರೆಗಳು ಎದ್ದು ಕಾಣುತ್ತಿವೆ, ಬೆಳಿಗ್ಗೆ ಹತ್ತೂವರೆಗೆ ಹೋದರೂ ಮಧ್ಯಾಹ್ನ ಮೂರಕ್ಕೆ ಹೋದರೂ ಒಂದು ಗಾಡಿಗಾದರೂ ಎಡೆ ಸಿಗುತ್ತದೆ. ಹೇಗೆ ಮಾಡಿಸಿದಿರಿ ಎಂದು ಬೀದರ್, ಯಾದಗಿರಿಯಿಂದಲೂ ಫೋನು ಬರುತ್ತಿರುವುದರಿಂದ ಒಮ್ಮೆ ಬರೆದುಬಿಡುವುದೇ ವಾಸಿ ಎನ್ನಿಸಿತು.

ನನ್ನದು ಪೋಲಿಯೋ ಬಡಿದ ಎಡಗಾಲು, ಅದಕ್ಕೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್, ಒಂದು ಊರುಗೋಲು. ಹದಿನಾಲ್ಕು ವರ್ಷ ಸೈಡ್ ವೀಲ್ ಸ್ಕೂಟರ್ ಓಡಿಸಿದೆ. ಆಮೇಲೆ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು ಕೊಂಡು ಕೈಯಿಂದ ನಡೆಸುವ ಬ್ರೇಕು, ಆಕ್ಸಿಲರೇಟರು ಹಾಕಿಸಿದೆ. ಕಿಟ್, ಆರ್‌ಸಿಯಲ್ಲಿ ನಮೂದು, ಲೈಸೆನ್ಸು, ತೆರಿಗೆ ವಿನಾಯಿತಿ ಇವನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಓಡಿಸುವುದಕ್ಕಿಂತ ನಿಲ್ಲಿಸುವುದೇ ಕಷ್ಟ ಎಂಬುದನ್ನೂ ಹೇಳಬೇಕಾಗಿಲ್ಲ.

ಮೊದಲು ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ. ಕಾರು ಬಂದ ಹೊಸದರಲ್ಲಿ ಹಿಂಬದಿಯ ಗಾಜಿಗೆ ಗಾಲಿಕುರ್ಚಿಯ ಚಿತ್ರದ ಸ್ಟಿಕ್ಕರ್ ಅಂಟಿಸಿಕೊಂಡು, ಇನ್ನು ಮುಂದೆ ಎಲ್ಲಿ ಬೇಕಾದರೂ ನಿಲ್ಲಿಸಬಹುದೆಂದು ತಿಳಿದಿದ್ದೆ. ಇಪ್ಪತ್ತು ರೂಪಾಯಿಯ ಆ ಸ್ಟಿಕ್ಕರಿಗೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ಪಾದಚಾರಿ ಮಾರ್ಗ, ಜೀಬ್ರಾ ಪಟ್ಟೆ, ಬಸ್ ನಿಲ್ದಾಣದ ಎದುರು, ಆಸ್ಪತ್ರೆಯ ಬಾಗಿಲು, ಸೇತುವೆ ಇವುಗಳ ಮೇಲಿನ ನಿಲುಗಡೆ ನಿಷೇಧ ಎಲ್ಲರಿಗೂ ಹೇಗೋ ನಮಗೂ ಹಾಗೆಯೇ ಅನ್ವಯಿಸುತ್ತದೆ. ಒಂದು ದಿನ ಬ್ಯಾಂಕಿನ ಮುಂದಿನ ಪಾದಚಾರಿ ಮಾರ್ಗದ ಇಳಿಜಾರಿಗೆ ಅಡ್ಡಲಾಗಿ ಕಾರು ನಿಲ್ಲಿಸಿ ಒಳಗೆ ಹೋಗಿದ್ದೆ. ಹೊರಗೆ ಬಂದಾಗ ಗಾಲಿಕುರ್ಚಿಯಲ್ಲಿದ್ದ ಒಬ್ಬ ಹೆಣ್ಣುಮಗಳು ಬಿಸಿಲಿನಲ್ಲಿ ನನ್ನ ಕಾರಿನ ಪಕ್ಕ ಕಾಯುತ್ತಿದ್ದಳು. ಅವಳು ಮೇಲೆ ಹತ್ತಬೇಕಾದ ಒಂದೇ ಇಳಿಜಾರನ್ನು ನಾನು ಮುಚ್ಚಿದ್ದೆ. ಆ ದಿನ ಪೊಲೀಸರು ಬರೆದ ದಂಡದ ಚೀಟಿಗೆ ನಾನು ಚಕಾರ ಎತ್ತಲಿಲ್ಲ. ಆಮೇಲೆ ಮಾಡಿದ್ದೆಲ್ಲ ಆ ಇಳಿಜಾರಿನಿಂದ ಹುಟ್ಟಿದ್ದು.

ಎರಡನೆಯ ಪಾಠ ಕಲಿಸಿದ್ದು ಟೋಯಿಂಗ್ ಗಾಡಿ. ಆಗ ಕಾರು ಗ್ಯಾರೇಜಿನಲ್ಲಿದ್ದ ಕಾರಣ ಹಳೆಯ ಸ್ಕೂಟರಿನಲ್ಲಿ ಹೋಗಿದ್ದೆ. ಸಮ ಬೆಸ ದಿನಾಂಕದ ನಿಲುಗಡೆ ಇರುವ ಮಾರುಕಟ್ಟೆಯ ರಸ್ತೆ. ಅಂದು ನಿಲ್ಲಿಸಲು ಅನುಮತಿ ಇದ್ದದ್ದು ಎದುರು ಬದಿಯಲ್ಲಿ. ಊರುಗೋಲು ಹಿಡಿದು ಆ ರಸ್ತೆಯನ್ನು ದಾಟುವುದೆಂದರೇನೆಂದು ತಿಳಿದವರಿಗೇ ತಿಳಿದೀತು. ಐದು ನಿಮಿಷದ ಕೆಲಸವೆಂದು ಈ ಬದಿಯಲ್ಲೇ ನಿಲ್ಲಿಸಿದೆ. ಕೊಂಡಿ ಹಾಕಿ ಎತ್ತಿದವರಿಗೆ ಸೈಡ್ ವೀಲಿನ ಚೌಕಟ್ಟು ಕಾಣಲಿಲ್ಲವೋ ಅಥವಾ ಕಂಡರೂ ಅದರ ಗೊಡವೆ ಬೇಡವಾಯಿತೋ, ಬಲಬದಿಯ ಬ್ರಾಕೆಟ್ ಬಾಗಿಹೋಯಿತು. ದಂಡ, ಎಳೆದೊಯ್ದ ಖರ್ಚು, ಆಟೋ ಬಾಡಿಗೆ ಸೇರಿ ನೆನಪಿದ್ದಂತೆ ಒಂದು ಸಾವಿರದ ಆರುನೂರ ಐವತ್ತು. ವೆಲ್ಡಿಂಗಿಗೆ ಹದಿನೆಂಟು ನೂರು ಬೇರೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 127ರ ಪ್ರಕಾರ ನಿಷೇಧಿತ ಜಾಗದಿಂದ ಗಾಡಿ ಎತ್ತಿಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಅಧಿಕಾರವಿದೆ. ಅದರಲ್ಲಿ ನಮಗೆಂದು ಪ್ರತ್ಯೇಕ ರಿಯಾಯಿತಿ ಏನೂ ಇಲ್ಲ. ಬ್ರಾಕೆಟ್ಟಿನ ಹಣ ಕೇಳಿ ನಾಲ್ಕು ಸಲ ಅಲೆದೆ, ಸಿಗಲಿಲ್ಲ. ರಿಯಾಯಿತಿ ಬೇಡುತ್ತ ತಿರುಗುವುದಕ್ಕಿಂತ ನಿಲ್ಲಿಸಲು ಸರಿಯಾದ ಜಾಗವನ್ನೇ ಮಾಡಿಸಿಕೊಳ್ಳಬೇಕೆಂದು ತೀರ್ಮಾನಿಸಿದ್ದು ಅಲ್ಲಿಯೇ.

ಮೂರನೆಯ ಸೋಲು ಬಣ್ಣದ್ದು. ನಾನು ದಿನವೂ ಹೋಗಬೇಕಾದ ಕಚೇರಿ ಸಂಕೀರ್ಣವೊಂದಿದೆ. ಅದರ ಮುಂದಿನ ರಸ್ತೆಯಂಚಿನಲ್ಲಿ, ಯಾರೋ ದೊಡ್ಡವರು ಬಾಯಿಮಾತಿನಲ್ಲಿ ಹೂಂ ಅಂದರೆಂದು, ಒಂದು ಭಾನುವಾರ ನಾವು ನಾಲ್ವರು ಸೇರಿ ನೀಲಿ ಎನಾಮಲ್ ಬಳಿದೆವು. ಬಣ್ಣ, ಕೂಲಿ ಸೇರಿ ಎರಡು ಸಾವಿರದ ಆರುನೂರು ಹೋಯಿತು. ಏಪ್ರಿಲ್ ಕೊನೆಯ ವಾರವದು. ನಮ್ಮ ಊರಿನ ಬಿಸಿಲು ನಲವತ್ತಮೂರು ಮುಟ್ಟಿದಾಗ ಊರುಗೋಲಿನ ರಬ್ಬರು ತುದಿಯೇ ಡಾಂಬರಿಗೆ ಅಂಟಿಕೊಂಡು ಕಳಚುತ್ತದೆ. ಎನಾಮಲ್ ಯಾವ ಲೆಕ್ಕ? ಜೂನ್ ಕೊನೆಗೆ ನೀಲಿಯ ಗುರುತೂ ಉಳಿಯಲಿಲ್ಲ. ಅದಕ್ಕಿಂತ ಮೊದಲೇ ಒಬ್ಬ ಅಂಗಡಿಯವರು ನನ್ನನ್ನು ನಿಲ್ಲಿಸಿ, "ಆರ್ಡರ್ ಎಲ್ಲೈತಿ ತೋರಸ್ರಿ" ಎಂದು ಕೇಳಿದ್ದರು. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಆಮೇಲೆ ಓದಿ ನೋಡಿದಾಗ, ಅದೇ ಮೋಟಾರು ವಾಹನ ಕಾಯ್ದೆಯ ಕಲಂ 116ರಂತೆ ಅಧಿಕಾರವಿಲ್ಲದವರು ರಸ್ತೆಯಲ್ಲಿ ಸಂಚಾರ ಚಿಹ್ನೆ ನಿಲ್ಲಿಸುವುದೇ ತಪ್ಪು ಎಂದು ಗೊತ್ತಾಯಿತು. ಅಂದರೆ ನಿಯಮ ಮುರಿದವನು ನಾನೇ, ಕೇಳಿದ ಅಂಗಡಿಯವರು ಸರಿ.

ಆದೇಶದ ಬೆನ್ನು ಹತ್ತಿದ್ದು ಅಲ್ಲಿಂದ ಮುಂದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಮೊದಲನೆಯದು ತಿರಸ್ಕೃತವಾಯಿತು, ಏಕೆಂದರೆ ನಾನು ಸಿಟ್ಟಿನಲ್ಲಿ ಎರಡು ಪುಟ ಬರೆದಿದ್ದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ ನೂರೈವತ್ತು ಪದಗಳ ಒಳಗೆ. ಎರಡನೆಯ ಸಲ ನಲವತ್ತು ಪದಗಳಲ್ಲಿ ಒಂದೇ ಪ್ರಶ್ನೆ ಕೇಳಿದೆ: ಈ ರಸ್ತೆಯಲ್ಲಿ ವಿಕಲಚೇತನರ ವಾಹನಗಳಿಗೆ ಮೀಸಲಿಟ್ಟ ನಿಲುಗಡೆಯ ಆದೇಶದ ಪ್ರತಿ ಕೊಡಿ. ಅಂಥ ಆದೇಶ ಕಚೇರಿಯಲ್ಲಿ ಲಭ್ಯವಿಲ್ಲ ಎಂಬ ಒಂದು ಸಾಲಿನ ಉತ್ತರ ಇಪ್ಪತ್ತೆಂಟನೆಯ ದಿನಕ್ಕೆ ಬಂತು. ಗೆಳೆಯರು ಇದನ್ನು ಸೋಲೆಂದು ತಿಳಿದರು. ಆ ಒಂದು ಸಾಲೇ ನನಗೆ ದೊಡ್ಡ ಆಸ್ತಿಯಾಯಿತು, ಏಕೆಂದರೆ ಮುಂದಿನ ಮನವಿಯಲ್ಲಿ ಅದನ್ನೇ ಮೊದಲ ಲಗತ್ತಾಗಿ ಇಟ್ಟೆ.

ಮನವಿಯ ವಿಷಯದಲ್ಲಿ ನಾನು ಕಂಡುಕೊಂಡದ್ದು ಇಷ್ಟು. ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ ಉದ್ದುದ್ದ ಉಲ್ಲೇಖ ಬರೆದು ಕೊಟ್ಟರೆ ಕಡತವು ಕಲ್ಯಾಣದ ವಿಷಯವೆಂದು ಬೇರೆ ಮೇಜಿಗೆ ಹೋಗುತ್ತದೆ, ಅಲ್ಲಿಂದ ವಾಪಸು ಬರುವುದಿಲ್ಲ. ಆ ಕಾಯ್ದೆ ಬೇಕು. ಅದರ ಕಲಂ 41ರಲ್ಲಿ ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳ ನಿಲುಗಡೆ ಜಾಗದ ಮಾತು ಸ್ಪಷ್ಟವಾಗಿದೆ, ಕಟ್ಟಡಗಳ ಅನುಮತಿಗೆ ಕಲಂ 44 ಇದೆ. ಆದರೆ ರಸ್ತೆಯಂಚಿನ ಜಾಗಕ್ಕೆ ಕೀಲಿಕೈ ಮೋಟಾರು ವಾಹನ ಕಾಯ್ದೆಯ ಕಲಂ 117: ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ವಾಹನಗಳು ನಿಲ್ಲುವ ಜಾಗವನ್ನು ಗೊತ್ತುಪಡಿಸುವ ಅಧಿಕಾರ ಅಲ್ಲಿದೆ. ಅದರ ಜೊತೆಗೆ ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ ನಿಯಮ 221(ಎ)(5). ಏಕಮುಖ ಸಂಚಾರ, ನಿಲುಗಡೆ ನಿಷೇಧ ಇವುಗಳ ಅಧಿಸೂಚನೆಗಳನ್ನು ಪತ್ರಿಕೆಯಲ್ಲಿ ನೋಡಿದವರಿಗೆ ಈ ಅಂಕಿಗಳು ಪರಿಚಿತ. ಪೊಲೀಸ್ ಆಯುಕ್ತಾಲಯವಿರುವ ನಮ್ಮ ಊರಿನಲ್ಲಿ ಮನವಿ ಆಯುಕ್ತರ ಹೆಸರಿಗೆ ಹೋಗಬೇಕು. ಬೀದರ್, ಯಾದಗಿರಿಯಲ್ಲಿ ಜಿಲ್ಲಾಧಿಕಾರಿಗಳಿಗೆ. ಮನವಿಯ ಒಂದು ನಕಲು ಸ್ಥಳೀಯ ಸಂಸ್ಥೆಗೆ. ಇದನ್ನು ತಿಳಿಯದೆ ನಾನು ಹನ್ನೊಂದು ತಿಂಗಳು ತಪ್ಪು ಬಾಗಿಲು ತಟ್ಟಿದ್ದೆ.

ಅಷ್ಟಾದರೂ ಮೊದಲ ಭೇಟಿಯಲ್ಲಿ ಸಿಕ್ಕ ಉತ್ತರ, "ನಿಮಗ ಕೊಟ್ರ ನಾಳಿ ಎಲ್ಲಾರೂ ಕೇಳ್ತಾರ್ರಿ" ಎಂದು. ಎರಡನೆಯ ಭೇಟಿಗೆ ನಾನು ಮಾತು ಬಿಟ್ಟು ನಕ್ಷೆ ಒಯ್ದೆ. ಡ್ರಾಫ್ಟ್ಸ್‌ಮನ್ ಒಬ್ಬರಿಗೆ ಹದಿನೈದು ನೂರು ಕೊಟ್ಟು, ಚರಂಡಿಯಿಂದ ರಸ್ತೆಯ ಮಧ್ಯದವರೆಗೆ ಟೇಪು ಹಿಡಿಸಿ, ಕಂಬ, ಟ್ರಾನ್ಸ್‌ಫಾರ್ಮರ್, ಮರ ಎಲ್ಲವನ್ನೂ ತೋರಿಸಿ ಒಂದು ಹಾಳೆಯಲ್ಲಿ ಬರೆಸಿದ್ದೆ. ಯಾವ ಹೊತ್ತಿಗೆ, ಯಾರ ಮೇಜಿನ ಮುಂದೆ ಆ ಹಾಳೆ ಬಿಚ್ಚಿದೆ ಎಂಬುದನ್ನು ಇಲ್ಲಿ ಬರೆಯಲಾರೆ. ಏಕೆಂದರೆ ನಾನು ಕೇಳುತ್ತಿರುವ ಎರಡನೆಯ ಜಾಗದ ಕೆಲಸ ಇನ್ನೂ ನಡೆಯುತ್ತಿದೆ.

ನಕ್ಷೆಯ ಅಳತೆಯಲ್ಲಿಯೇ ನಮ್ಮ ನಿಜವಾದ ಜಗಳವಿದ್ದದ್ದು. ಮಾರ್ಗಸೂಚಿಗಳು ಹೇಳುವುದು ಕಾರಿನ ಲೆಕ್ಕ: 3.6 ಮೀಟರ್ ಅಗಲ, 5 ಮೀಟರ್ ಉದ್ದ, ಕಟ್ಟಡದ ಬಾಗಿಲಿನಿಂದ 30 ಮೀಟರಿನೊಳಗೆ. ಬಾಗಿಲು ಪೂರಾ ತೆರೆದು ಊರುಗೋಲು ಇಳಿಸಲು ಅಥವಾ ಗಾಲಿಕುರ್ಚಿ ಬಿಚ್ಚಲು ಪಕ್ಕದಲ್ಲಿ 1.2 ಮೀಟರ್ ಬೇಕು ಎಂಬುದರಿಂದ ಆ ಅಗಲ ಬಂದಿದೆ, ಸರಿಯಾಗಿಯೇ ಇದೆ. ಆದರೆ ಕಲಬುರಗಿಯಲ್ಲಿ ನಮ್ಮವರಲ್ಲಿ ಕಾರು ಇರುವವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಸೈಡ್ ವೀಲಿನವರು. ಆ ಗಾಡಿಯನ್ನು ಕಾಗದದಲ್ಲಿ ಹೇಗೆ ಕರೆದರೂ ರಸ್ತೆಯ ಮೇಲೆ ಅದನ್ನು ಬೈಕುಗಳ ಸಾಲಿಗೇ ತಳ್ಳುತ್ತಾರೆ. ಬೈಕಿಗೆ ಒಂದು ಮೀಟರ್ ಅಗಲದ ಪಟ್ಟಿ ಸಾಕು. ನನ್ನ ಹಳೆಯ ಸ್ಕೂಟರ್ ಗಾಲಿಯಿಂದ ಗಾಲಿಗೆ ನಾಲ್ಕಡಿಯ ಹತ್ತಿರ ಇತ್ತು, ಇಳಿಯಲು ಇನ್ನೆರಡೂವರೆ ಅಡಿ. ಅಲ್ಲದೆ ಬೈಕು ರಸ್ತೆಯಂಚಿನ ಇಳಿಜಾರಿನಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲುತ್ತದೆ, ನಮ್ಮದು ನಿಲ್ಲುವುದಿಲ್ಲ. ಒಂದು ಪಕ್ಕದ ಗಾಲಿ ಎತ್ತರದಲ್ಲಿ, ಇನ್ನೊಂದು ತಗ್ಗಿನಲ್ಲಿ ಕುಳಿತರೆ ಭಾರವೆಲ್ಲ ಆ ಎರಡರ ಮೇಲೆ ಹೋಗಿ, ಎಂಜಿನ್ ತಿರುಗಿಸುವ ಹಿಂದಿನ ಗಾಲಿ ಗಾಳಿಯಲ್ಲಿ ಸುತ್ತುತ್ತದೆ. ಮಳೆಗಾಲದಲ್ಲಿ ಡಾಂಬರು ಮುಗಿದು ಕರಿಮಣ್ಣು ಶುರುವಾಗುವ ಅಂಚಿನಲ್ಲಿ ಹೀಗೆ ಸಿಕ್ಕಿಕೊಂಡವನನ್ನು ನಾಲ್ಕು ಜನ ಎತ್ತಿ ಇಡಬೇಕು. ನನ್ನನ್ನು ಹಾಗೆ ಎತ್ತಿಟ್ಟದ್ದು ಲೆಕ್ಕವಿಲ್ಲದಷ್ಟು ಸಲ.

ಆದ್ದರಿಂದ ನಾನು ಕೇಳಿದ್ದು ಕಾರಿನ ಒಂದು ಜಾಗ, ಅದಕ್ಕೆ ತಾಗಿದಂತೆ ತಲಾ ಆರೂವರೆ ಅಡಿ ಅಗಲದ ಎರಡು ಸ್ಕೂಟರ್ ಜಾಗ, ಮೂರೂ ಸಮತಟ್ಟಾದ ಕಡೆ, ಚರಂಡಿಯ ಜಾಲರಿಯಿಂದ ದೂರ. ಆ ಸಂಕೀರ್ಣದ ಮುಂದೆ ಸಮತಟ್ಟು ಎಲ್ಲಿದೆಯೆಂದು ಹುಡುಕಲು ನಾನು ಬಳಸಿದ ಉಪಕರಣ ಒಂದು ಸ್ಟೀಲ್ ತಟ್ಟೆ, ಅದರಲ್ಲಿ ನೀರು. ನಕ್ಕವರು ನಕ್ಕರು. ಸ್ಥಳ ಪರಿಶೀಲನೆಗೆ ಬಂದ ಎಂಜಿನಿಯರು ತಮ್ಮ ಉಪಕರಣ ಇಟ್ಟು ನೋಡಿ ಅದೇ ಜಾಗಕ್ಕೆ ಸುಣ್ಣದ ಗುರುತು ಹಾಕಿದರು.

ಆದೇಶ ಕೈಗೆ ಬಂದಾಗ ಒಟ್ಟು ಎರಡು ವರ್ಷ ಎರಡು ತಿಂಗಳು ಕಳೆದಿತ್ತು. ಗುರುತು ಹಾಕಲು ಆಗ ಅನುದಾನವಿರಲಿಲ್ಲ. ಲಿಖಿತ ಒಪ್ಪಿಗೆ ಪಡೆದು ಖರ್ಚು ನಾವೇ ಹೊತ್ತೆವು. ಈ ಸಲ ಎನಾಮಲ್ ಮುಟ್ಟಲಿಲ್ಲ, ಕುದಿಸಿ ಹಾಕುವ ಥರ್ಮೋಪ್ಲಾಸ್ಟಿಕ್. ಮೂರು ಚೌಕಕ್ಕಾಗಿ ಯಾವ ಗುತ್ತಿಗೆದಾರನೂ ಬಾಯ್ಲರ್ ಗಾಡಿ ತರುವುದಿಲ್ಲ, ಕೇಳಿದಾಗ ಇಪ್ಪತ್ತೈದು ಸಾವಿರ ಎಂದರು. ಹತ್ತಿರದ ರಸ್ತೆಯಲ್ಲಿ ಜೀಬ್ರಾ ಪಟ್ಟೆ ಹಾಕುವ ಕೆಲಸ ಬರುವವರೆಗೆ ಎರಡು ತಿಂಗಳು ಕಾದೆ. ಬಂದ ರಾತ್ರಿ ಹನ್ನೊಂದರವರೆಗೆ ಫ್ಲಾಸ್ಕಿನಲ್ಲಿ ಚಹಾ ಇಟ್ಟುಕೊಂಡು ಕುಳಿತು, ಅದೇ ಬಾಯ್ಲರಿನಿಂದ ಐದೂವರೆ ಸಾವಿರಕ್ಕೆ ಮುಗಿಸಿಕೊಂಡೆ. ಪ್ರತಿಫಲಿಸುವ ಹಾಳೆಯ ಫಲಕಕ್ಕೆ ಮೂರು ಸಾವಿರದ ಇನ್ನೂರು. ಅಂಚಿಗೆ ಬಗ್ಗುವ ರಬ್ಬರ್ ಕಂಬ ನಾಲ್ಕು, ತಲಾ ಆರುನೂರು. ಅವುಗಳಲ್ಲಿ ಎರಡನ್ನು ಟಂಟಂ ಆಟೋ ಒಂದು ಮೊದಲ ವಾರವೇ ಮುರಿಯಿತು, ಮತ್ತೆ ಹಾಕಿಸಿದೆ.

ಇಷ್ಟೆಲ್ಲ ಆದ ಮೇಲೆ ಜಾಗವನ್ನು ತುಂಬಿದವರು ಯಾರು ಗೊತ್ತೇ? ಕಬ್ಬಿನ ಹಾಲಿನವರಲ್ಲ, ಕಾರಿನ ಸಾಹುಕಾರರಲ್ಲ. ಅಲ್ಲಿಯೇ ಕೆಲಸ ಮಾಡುವ ನಮ್ಮವರೇ ಇಬ್ಬರು. ಬೆಳಿಗ್ಗೆ ಒಂಬತ್ತೂವರೆಗೆ ಬಂದು ನಿಲ್ಲಿಸಿದರೆ ಸಂಜೆ ಆರಕ್ಕೆ ತೆಗೆಯುತ್ತಿದ್ದರು. ಕಾರಿನ ಜಾಗದಲ್ಲಿ ನಿಲ್ಲುತ್ತಿದ್ದದ್ದು ಕಾಗದದ ಮೇಲೆ ವಿಕಲಚೇತನ ತಾಯಿಯ ಹೆಸರಿನಲ್ಲಿದ್ದ, ಓಡಾಡುವುದೆಲ್ಲ ಮಗನೇ ಆಗಿದ್ದ ಗಾಡಿ. ಪಿಂಚಣಿಯ ಕೆಲಸಕ್ಕೆಂದು ಆಳಂದದಿಂದ ಬಂದ ಒಬ್ಬ ಹಿರಿಯರು, ಮೀಸಲು ಜಾಗವನ್ನು ನೋಡುತ್ತಲೇ ಮುಂದೆ ಹೋಗಿ ಚರಂಡಿಯ ಪಕ್ಕ ನಿಲ್ಲಿಸಿದ್ದನ್ನು ನಾನೇ ಕಂಡೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ವರ್ಷದ ಓಡಾಟದಿಂದ ನಾನು ಮಾಡಿಸಿದ್ದು ಮೂವರ ಖಾಸಗಿ ಶೆಡ್ಡು.

ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕನ ಮಗನ ಮಾತು ನೆನಪಾಯಿತು. ಅಲ್ಲಿ ನಮ್ಮಂಥವರಿಗೆ ನೀಲಿ ಬ್ಯಾಡ್ಜ್ ಕೊಡುತ್ತಾರೆ. ಅದು ವ್ಯಕ್ತಿಗೆ ಸೇರಿದ್ದು, ಗಾಡಿಗಲ್ಲ. ಬ್ಯಾಡ್ಜ್ ಇಟ್ಟರೆ ಬೇರೆಯವರಿಗೆ ನಿಷೇಧವಿರುವ ಹಳದಿ ಗೆರೆಯ ಮೇಲೂ ನಿಲ್ಲಿಸಬಹುದು, ಆದರೆ ಮೂರು ಗಂಟೆ ಮಾತ್ರ, ಅದೂ ಸರಕು ಇಳಿಸುವುದನ್ನೂ ನಿಷೇಧಿಸಿದ ಕಡೆ ಅಲ್ಲ. ಬಂದ ಹೊತ್ತನ್ನು ತೋರಿಸುವ ರಟ್ಟಿನ ಗಡಿಯಾರವನ್ನು ಗಾಜಿನ ಹಿಂದೆ ಇಡಬೇಕು. ಅವನು ಇದನ್ನು ಹೇಳಿದಾಗ, ಕೊಟ್ಟ ಮೇಲೂ ಅಳೆದು ಕೊಡುವ ಬುದ್ಧಿ ನೋಡು ಎಂದು ನಾನು ಟೀಕಿಸಿದ್ದೆ. ಈಗ ಅದೇ ಗಡುವನ್ನು ನಮ್ಮ ಮೇಲೆ ಹೇರಿ ಎಂದು ನಾನೇ ಅರ್ಜಿ ಬರೆದೆ: ಕಚೇರಿಯ ವೇಳೆಯಲ್ಲಿ ಎರಡು ಗಂಟೆ ಮಾತ್ರ, ವಿಕಲಚೇತನ ವ್ಯಕ್ತಿ ಗಾಡಿಯಲ್ಲಿ ಬಂದಿರಬೇಕು, ಕೇಳಿದಾಗ ಸರ್ಕಾರ ಕೊಡುವ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ತೋರಿಸಬೇಕು. ನಮ್ಮ ಬಳಗದಲ್ಲಿ ಇದಕ್ಕಾಗಿ ನನಗೆ ಬಿದ್ದ ಬೈಗುಳ ಬೇರೆ ಯಾವುದಕ್ಕೂ ಬಿದ್ದಿಲ್ಲ. ಸಿಕ್ಕ ಹಕ್ಕಿಗೆ ತಾನೇ ಬೇಲಿ ಹಾಕಿದವನು ಎಂದರು. ನನ್ನ ವಾದ ಒಂದೇ: ದಿನವಿಡೀ ಕೆಲಸ ಮಾಡುವವರಿಗೆ ಜಾಗ ಕೊಡಬೇಕಾದವನು ಅವರ ಮಾಲೀಕ, ತನ್ನ ಕಟ್ಟಡದ ಆವರಣದೊಳಗೆ. ರಸ್ತೆಯ ಜಾಗ ಬಂದು ಹೋಗುವವರದು. ಈ ಮಾತಿನಿಂದ ನಾನು ಅಲುಗಲಿಲ್ಲ. ತಿದ್ದಿದ ಆದೇಶ ಏಳು ವಾರದಲ್ಲಿ ಬಂತು. ನಿರ್ಬಂಧ ಕೇಳಿದರೆ ಕಡತ ಎಷ್ಟು ಬೇಗ ಓಡುತ್ತದೆ ಎಂದು ನನಗೇ ಬೆರಗಾಯಿತು.

ಗಡುವು ಬರೆದರೆ ಸಾಲದು, ಯಾರೋ ನೋಡುತ್ತಿರಬೇಕು. ಇಂಗ್ಲೆಂಡಿನ ಮಾದರಿಯಲ್ಲಿ ಮದುವೆ ಕಾರ್ಡಿನ ರಟ್ಟಿನಿಂದ ಹತ್ತು ಗಡಿಯಾರ ಮಾಡಿ ಹಂಚಿದೆ. ಕಾರಿನ ಗಾಜಿನ ಹಿಂದೆ ಮೇ ತಿಂಗಳ ಬಿಸಿಲಿಗೆ ಅವು ಹಪ್ಪಳದಂತೆ ಮುದುಡಿದವು, ಲ್ಯಾಮಿನೇಷನ್ ಮಾಡಿಸಿದವು ಗುಳ್ಳೆ ಎದ್ದವು. ಸ್ಕೂಟರಿಗೆ ಗಾಜೇ ಇಲ್ಲ. ಕನ್ನಡಿಯ ಕಡ್ಡಿಗೆ ಕಟ್ಟಿದರೆ ಶಾಲೆಯ ಹುಡುಗರು ಮುಳ್ಳು ತಿರುಗಿಸಿ ಓಡುತ್ತಿದ್ದರು. ಕೊನೆಗೆ ಕೆಲಸಕ್ಕೆ ಬಂದದ್ದು ಅರವತ್ತು ರೂಪಾಯಿಯ ಒಂದು ಸ್ಲೇಟು. ಎದುರಿನ ಪಾನ್ ಅಂಗಡಿಯವರು ನಮ್ಮ ಗಾಡಿ ಬಂದ ಕೂಡಲೇ ನಂಬರಿನ ಕೊನೆಯ ನಾಲ್ಕು ಅಂಕಿ, ಪಕ್ಕದಲ್ಲಿ ಹೊತ್ತು ಬರೆದು ಅಂಗಡಿಯ ಮುಂದೆ ತೂಗುಹಾಕುತ್ತಾರೆ. ಎರಡು ಗಂಟೆ ಮೀರಿದರೆ ಅಂಕಿಯ ಸುತ್ತ ಒಂದು ಸುತ್ತು ಎಳೆಯುತ್ತಾರೆ, ಅಷ್ಟೇ. ಓಡಾಡುವವರೆಲ್ಲ ನೋಡುವ ಸ್ಲೇಟಿನಲ್ಲಿ ತನ್ನ ನಂಬರಿಗೆ ಸುತ್ತು ಬೀಳುವುದು ಯಾರಿಗೂ ಬೇಡ. ತಾಯಿಯ ಹೆಸರಿನ ಗಾಡಿ ಮೂರನೆಯ ವಾರದಿಂದ ಕಾಣಲಿಲ್ಲ. ಪಾನ್ ಅಂಗಡಿಯವರು ಇದನ್ನು ಯಾಕೆ ಮಾಡುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ಹಣ ಕೊಡುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ನಡುವೆ ಮಾಡಿದ ಹುಚ್ಚಾಟಗಳೂ ಇವೆ. ಹಸಿರು ನೆರಳು ಪರದೆ ಕಟ್ಟಿಸಿ ಎರಡು ಸಾವಿರದ ನೂರು ರೂಪಾಯಿಯನ್ನು ಮೊದಲ ಬಿರುಗಾಳಿಗೆ ಒಪ್ಪಿಸಿದೆ. ಸರಪಳಿ ಹಾಕಿ ಬೀಗ ಜಡಿದೆ. ಬಗ್ಗಿ ಬೀಗ ತೆಗೆಯಲು ನಮಗೇ ಆಗುವುದಿಲ್ಲ ಎಂಬುದು ಜಡಿದ ಮೇಲೆ ಹೊಳೆಯಿತು. ಶರಣಬಸವೇಶ್ವರ ಜಾತ್ರೆಯಂಥ ದಿನಗಳಲ್ಲಿ ರಸ್ತೆ ಮುಚ್ಚಿದಾಗ ನಮ್ಮ ಜಾಗವೂ ಮುಚ್ಚುತ್ತದೆ, ಆದೇಶದಲ್ಲಿ ಬದಲಿ ಜಾಗ ಬರೆಸಿಕೊಳ್ಳದಿದ್ದರೆ ಬ್ಯಾರಿಕೇಡಿನ ಆಚೆಯಿಂದ ಕೈ ಮುಗಿದು ಬರಬೇಕು. ನಾನು ಬರೆಸಿಕೊಂಡಿರಲಿಲ್ಲ. ನೀವು ಮೊದಲ ಅರ್ಜಿಯಲ್ಲಿಯೇ ಒಂದು ಸಾಲು ಸೇರಿಸಿಬಿಡಿ.

ಹೋದ ಹಣವೆಲ್ಲ ಕೂಡಿದರೆ ಇಪ್ಪತ್ತಮೂರು ಸಾವಿರದ ಆಸುಪಾಸು, ಜೆರಾಕ್ಸ್, ಅಂಚೆ ಸೇರಿ. ದಂಡ, ವೆಲ್ಡಿಂಗ್, ಎನಾಮಲ್, ಪರದೆ ಎಂದು ನೀರಿಗೆ ಹಾಕಿದ್ದನ್ನು ಕಳೆದರೆ ಮತ್ತೊಬ್ಬರು ಹದಿನಾಲ್ಕು ಹದಿನೈದು ಸಾವಿರದಲ್ಲಿ ಮುಗಿಸಬಹುದು. ಬಾಯ್ಲರಿಗೆ ಕಾಯುವ ತಾಳ್ಮೆ ಇದ್ದರೆ ಮಾತ್ರ.

ಎರಡನೆಯ ಜಾಗವನ್ನು ಒಂದು ಆಸ್ಪತ್ರೆಯ ಹೊರಗೆ ನೋಡಿಟ್ಟಿದ್ದೇನೆ. ಬಾಗಿಲಿಗೆ ಅಡ್ಡವಾಗದಂತೆ ಗೇಟು ಬಿಟ್ಟು, 30 ಮೀಟರಿನೊಳಗೆ ಸಿಗುವ ಸಮತಟ್ಟಿನಲ್ಲಿ ಈಗೊಂದು ಕಸದ ತೊಟ್ಟಿ ಇದೆ. ಚಿಕಿತ್ಸೆಗೆ ಬಂದವರಿಗೆ ಎರಡು ಗಂಟೆ ಸಾಲದು, ಅಲ್ಲಿ ನಾಲ್ಕು ಕೇಳಬೇಕೆಂದು ನನ್ನನ್ನು ಅಂದು ಬೈದವರೇ ಈಗ ವಾದಿಸುತ್ತಿದ್ದಾರೆ. ಮಂಗಳವಾರ ಎಂಜಿನಿಯರು ಟೇಪು ತರುತ್ತಾರಂತೆ. ನಾನು ತಟ್ಟೆ ಒಯ್ಯುತ್ತೇನೆ.